ಅಪ್ಪನ ಎಡೆಗೆ ಒಂದು ಲೋಟ ಕಾಕ್‌ಟೇಲ್

ನಂಬಲ್ಲ ಅಂತೀರೇನೋ. ನಂಬಬೇಡಿ, ನನಗೇನೂ ನಷ್ಟ ಇಲ್ಲ. ಆದರೆ ಪಿರಿಯಾಪಟ್ಟಣ, ಹುಣಸೂರು, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕೂ ತಾಲ್ಲೂಕನ್ನ ಜರಡಿ ಹಿಡಿದು ನೋಡಿ. ಹೊಗೆಸೊಪ್ಪು ಬೇಯಿಸೋ ಮನೆ, ಅಂದರೆ ಬ್ಯಾರನ್ನಿನ ಮುಂದೆ ಹುಟ್ಟಿ ಬೆಳೆದು, ಇಟಲಿಯ ಕಹಿ ಮದ್ಯಕ್ಕೆ ಫ್ರಾನ್ಸಿನ ಸೊಪ್ಪಿನ ಮದ್ಯ ಬೆರೆಸಿ, ಒಂದು ಹನಿ ಆಚೆ ಈಚೆ ಆಗದಂತೆ ಕುಲುಕಿ ಸೋಸಿ ಕೊಡಬಲ್ಲ ಗಂಡು ಇನ್ನೊಬ್ಬ ಸಿಕ್ಕಿದರೆ ಕರ್ಕೊಂಡು ಬನ್ನಿ. ಅವನೆದುರಿಗೇ ಮೀಸೆ ಬೋಳಿಸಿಕೊಳ್ತೀನಿ. ಇವತ್ತಿನವರೆಗೂ ಮೀಸೆ ಇದ್ದ ಹಾಗೇ ಇದೆ.

ಕೋಟೆ ಕಡೆ ಕಬಿನಿ ಹಿನ್ನೀರಿನ ದಡದಲ್ಲಿರೋ ಒಂದು ರೆಸಾರ್ಟಿನ ಬಾರ್ ಕೌಂಟರಿನ ಹಿಂದೆ ನಾನು ನಿಂತು ಆರು ವರ್ಷ ಆಯ್ತು. ಹುಲಿ ನೋಡೋಕೆ ಅಂತ ಬಂದವರು ಬೆಳಿಗ್ಗೆಯೆಲ್ಲ ಜೀಪಿನಲ್ಲಿ ಕುಲುಕಾಡಿ, ನಾಲ್ಕು ಜಿಂಕೆ, ಒಂದು ನವಿಲು ಕಂಡು, ಮುಖ ಇಳಿಬಿಟ್ಟುಕೊಂಡು ವಾಪಸ್ ಬರ್ತಾರೆ. ಆ ಮುಖವನ್ನ ಮೇಲಕ್ಕೆತ್ತೋದು ನನ್ನ ಕೆಲಸ. ಹುಲಿ ಮಾಡಲಾರದ್ದನ್ನ ನಾನು ಐದು ನಿಮಿಷದಲ್ಲಿ ಮಾಡ್ತೀನಿ.

ಇಂಥ ಕೈಯಿದ್ದವನಿಗೆ, ಮೊದಲ ವಾರ ಬಿಟ್ಟರೆ, ಕೌಂಟರಿನ ಹಿಂದೆ ಒಂದು ದಿನವೂ ಎಡವಟ್ಟಾಗಿಲ್ಲ. ಊರಿಗೆ ಬಂದು ಅದೇ ಕೆಲಸಕ್ಕೆ ಕೈ ಹಾಕಿದರೆ ಮಾತ್ರ ಒಂದಲ್ಲ ಒಂದು ಆಗ್ತಾನೇ ಇರ್ತದೆ. ಯಾಕೆ ಅಂತ ನನಗೂ ತಿಳೀದು. ಆಗಿದ್ದನ್ನ ಆದ ಹಾಗೆ ಹೇಳ್ತೀನಿ.

ಕೆಟ್ಟುಹೋದ ಸೀಸೆ

ಕೆಲಸಕ್ಕೆ ಸೇರಿದ ಮೊದಲ ವಾರ. ನನಗೆ ಕೆಲಸ ಹೇಳಿಕೊಟ್ಟವನು ವಯನಾಡಿನ ಕಡೆಯವನು, ಎಲ್ಲರೂ ಅವನನ್ನ ಚೇಟ, ಅಂದರೆ ಅಣ್ಣ, ಅಂತಲೇ ಕರೆಯೋದು. ಒಂದೊಂದು ಸೀಸೆಯನ್ನೂ ಚಮಚದ ತುದಿಯಲ್ಲಿ ನೆಕ್ಕಿ ನೋಡು, ರುಚಿ ತಿಳೀದೆ ಯಾವುದಕ್ಕೂ ಕೈ ಹಾಕಬೇಡ ಅಂತ ಹೇಳಿ ಅವನು ಆಚೆ ಹೋದ. ನಮ್ಮದು ಚಮಚದಲ್ಲಿ ಕುಡಿಯೋ ವಂಶ ಅಲ್ಲವಲ್ಲ. ಒಂದು ಕೆಂಪು ಸೀಸೆ ಕಣ್ಣಿಗೆ ಬಿತ್ತು, ಥೇಟ್ ಮದುವೆಮನೆ ಶರಬತ್ತಿನ ಬಣ್ಣ. ಬಾಯಿ ತುಂಬ ಎತ್ತಿದೆ.

ನಾಲಿಗೆ ಒಳಕ್ಕೆ ಮಡಿಚಿಕೊಂಡು ಗಂಟಲಲ್ಲಿ ಅಡಗಿ ಕೂತಿತು. ಕಿವಿ ಬಿಸಿಯಾಯ್ತು. ಅಷ್ಟು ಕಹಿ. ಚೇಟ ವಾಪಸ್ ಬಂದಾಗ ನಾನು ಗುಟ್ಟಾಗಿ ಅವನ ಕಿವಿಯಲ್ಲಿ ಹೇಳಿದೆ, ಈ ಸೀಸೆ ಕೆಟ್ಟೋಗಿದೆ, ಗಿರಾಕಿಗಳಿಗೆ ತಿಳಿದರೆ ಮರ್ಯಾದೆ ಹೋಗ್ತದೆ, ಯಾರಿಗೂ ಹೇಳೋದು ಬೇಡ, ಚೆಲ್ಲಿಬಿಡೋಣ ಅಂತ. ಹೇಳಿದ್ದಷ್ಟೇ ಅಲ್ಲ, ಸೀಸೆ ಹಿಡ್ಕೊಂಡು ಸಿಂಕಿನ ತನಕ ಹೋಗಿದ್ದೆ. ಚೇಟ ಹಾರಿ ಬಂದು ಅದನ್ನ ಕಿತ್ಕೊಂಡು, ಕೂಸನ್ನ ಎತ್ತಿಕೊಂಡ ಹಾಗೆ ಎದೆಗೆ ಅವಚಿಕೊಂಡ. ಆಮೇಲೆ ಅವನಿಗೆ ಬಂದ ಕನ್ನಡದಲ್ಲಿ ಹೇಳಿದ, "ಕಹಿ ಅದರ ಕೆಲಸ ಕಣೋ. ಅದು ಅದರ ಕೆಲಸ ಮಾಡ್ತಾ ಇದೆ. ನೀನು ನಿನ್ನ ಕೆಲಸ ಮಾಡು."

ಎರಡನೇ ಸಲ ಚಮಚದಲ್ಲೇ ನೆಕ್ಕಿದೆ. ಆಗ ಗುರುತು ಹತ್ತಿತು. ಕಿತ್ತಳೆ ಸಿಪ್ಪೆಯ ಘಮವೊಂದನ್ನ ಪಕ್ಕಕ್ಕಿಟ್ಟರೆ ಇದು ನಮ್ಮಪ್ಪನ ನೆಲಬೇವಿನ ಕಷಾಯ.

ಅಪ್ಪನಿಗೆ ಸಕ್ಕರೆ ಕಾಯಿಲೆ. ಅವ್ವ ದಿನಾ ಬೆಳಿಗ್ಗೆ ನೆಲಬೇವು ಕುದಿಸಿ, ಅಂಚು ನೆಗ್ಗಿದ ಒಂದು ಸ್ಟೀಲ್ ಲೋಟಕ್ಕೆ ಬಗ್ಗಿಸಿ ತಂದು ಮುಂದೆ ಹಿಡಿಯೋಳು. ಅಪ್ಪ ಕೈ ಚಾಚುತ್ತಿರಲಿಲ್ಲ. "ನೀನ್ ಮೊದ್ಲು ಕುಡಿ" ಅನ್ನೋನು. ಅವ್ವ ಮುಖದ ಒಂದು ಗೆರೆಯೂ ಅಲ್ಲಾಡದಂತೆ ಒಂದು ಗುಟುಕು ಕುಡಿದು ಕೊಡೋಳು. ಆಮೇಲೆ ಅಪ್ಪ ಕುಡಿದು, ಇಬ್ಬರ ಪಾಲಿನ ಮುಖವನ್ನೂ ತಾನೊಬ್ಬನೇ ಕಿವುಚೋನು. ನಾನು ಕಂಡ ಹಾಗೆ ಒಂದು ದಿನವೂ ಇದು ತಪ್ಪಿಲ್ಲ. ಕಾಯಿಲೆ ಒಬ್ಬರಿಗೆ, ಕಷಾಯ ಇಬ್ಬರಿಗೆ.

ಅವತ್ತು ಸಂಜೆ ಅಪ್ಪನಿಗೆ ಫೋನ್ ಮಾಡಿ ಹೇಳಿದೆ, ನಿನ್ನ ಕಷಾಯಾನ ಇಲ್ಲಿ ಗಾಜಿನ ಲೋಟದಲ್ಲಿ ಹಾಕಿ ಕೊಡ್ತೀವಿ, ಫಾರಿನ್ ಜನ ಕಣ್ಣು ಮುಚ್ಚಿಕೊಂಡು ಚಪ್ಪರಿಸ್ತಾರೆ ಅಂತ. ಆ ಕಡೆ ಅಪ್ಪ ಕೆಮ್ಮು ಬರೋ ತನಕ ನಕ್ಕ.

"ಅಲ್ಲ ಕಣ್ಲಾ, ಅದುನ್ ಕುಡಿಯಾಕೆ ವಿಮಾನ ಅತ್ಕೊಂಡು ಬತ್ತಾರಾ? ನಮ್ಮನೇಗ್ ಕಳ್ಸು. ನಿಮ್ಮವ್ವ ಬೆಳಗಾನೆ ಎಬ್ಬಿಸಿ ಪುಗಸಟ್ಟೆ ಕುಡುಸ್ತಾಳೆ."

ನಗು ನಿಂತ ಮೇಲೆ ಇನ್ನೊಂದು ಮಾತು ಹೇಳಿದ. "ನಂಗೂ ಒಂದಿನ ಮಾಡ್ಕೊಡ್ಲಾ. ನೀನ್ ಅದೇನ್ ಕಲ್ತಿದ್ದೀಯೋ ನೋಡುವಾ."

ಕಾಂಪೌಂಡರ್

ಮಾಡಿಕೊಡ್ತೀನಿ ಅಂದೆ. ಏನು ಮಾಡಿಕೊಡಬೇಕು ಅನ್ನೋದೂ ನನಗೆ ಗೊತ್ತಿತ್ತು. ಚೇಟ ನನಗೆ ಮೊದಲು ಕಲಿಸಿದ್ದೇ ಅದು. ಜಿನ್ ಒಂದು ಪಾಲು, ಕೆಂಪು ಕಹಿ ಒಂದು ಪಾಲು, ನೂರಾರು ಸೊಪ್ಪು ಬೇರು ಹಾಕಿ ಮಾಡಿದ ಫ್ರಾನ್ಸಿನ ಹಸಿರು ಮದ್ಯ ಒಂದು ಪಾಲು, ನಿಂಬೆರಸ ಒಂದು ಪಾಲು. ನಾಲ್ಕೂ ಸಮ. ನಾಲ್ಕು ಜನ ಅಣ್ಣತಮ್ಮಂದಿರು ಕೋರ್ಟಿಗೆ ಹೋಗದೆ ಜಮೀನು ಪಾಲು ಮಾಡಿಕೊಂಡ ಹಾಗೆ. ನಮ್ಮ ತಾಲ್ಲೂಕಿನಲ್ಲಿ ಅಂಥ ಪಾಲನ್ನ ಲೋಟದಲ್ಲಿ ಮಾತ್ರ ನೋಡೋಕೆ ಸಾಧ್ಯ.

ಆದರೆ ಮನೆಗೆ ಸೀಸೆ ತರೋದು ಹೇಗೆ? ಅವ್ವ ಹೊಸಿಲು ದಾಟೋಕೆ ಬಿಡೋಳಲ್ಲ. ಅಪ್ಪನ ಭಾನುವಾರದ ಕ್ವಾರ್ಟರ್ ಬ್ರಾಂದಿ ಕೂಡ ಬ್ಯಾರನ್ನಿನ ಹಿಂದೆಯೇ ಮುಗೀಬೇಕಿತ್ತು. ಸೀಸನ್ ಮುಗೀಲಿ ಅಪ್ಪ, ಅಂತ ಒಂದು ಸಲ ಅಂದೆ. ಮಳೆ ನಿಲ್ಲಲಿ ಅಂತ ಇನ್ನೊಂದು ಸಲ. ಬ್ಯಾರನ್ನಿನ ಹಿಂದೆ ಐಸು ಎಲ್ಲಿ ಸಿಗ್ತದೆ ಅಂತ ಮತ್ತೊಂದು ಸಲ. ಪ್ರತಿ ಸಲ ರಜಕ್ಕೆ ಬಂದಾಗಲೂ ಅಪ್ಪ ನನ್ನ ಬ್ಯಾಗಿನ ಕಡೆ ಒಂದು ಸಲ ನೋಡೋನು. ಕೇಳುತ್ತಿರಲಿಲ್ಲ, ನೋಡೋನು ಅಷ್ಟೇ.

ಹೋದ ವರ್ಷ ಯುಗಾದಿ ಕಳೆದ ಮೇಲೆ, ಬ್ಯಾರನ್ನಿಗೆ ಸೌದೆ ಇಳಿಸಿ ದಣಿವಾರಿಸಿಕೊಳ್ಳೋಕೆ ಅಂತ ಕೂತವನು ಮತ್ತೆ ಏಳಲಿಲ್ಲ. ಆ ಹೊತ್ತಿನಲ್ಲಿ ನಾನು ಕೌಂಟರಿನ ಹಿಂದೆ ಯಾರಿಗೋ ಲೋಟ ತಣ್ಣಗೆ ಮಾಡ್ತಾ ಇದ್ದೆ. ಫೋನು ಲಾಕರಿನಲ್ಲಿತ್ತು.

ತಿಥಿಯ ದಿನದ್ದೇ ಹೇಳಬೇಕಾದ ಕತೆ. ಊಟ ಆದ ಮೇಲೆ ಊರಿನ ಹಿರಿಯರೊಬ್ಬರು ನಿಧಾನಕ್ಕೆ ನನ್ನ ಪಕ್ಕ ಬಂದು ಕೂತು, ಪಂಚೆ ಎತ್ತಿ, ಮೊಣಕಾಲು ತೋರಿಸಿದರು. ಸಮಾಧಾನ ಹೇಳೋಕೆ ಬಂದವರು ಕಾಲು ಯಾಕೆ ತೋರಿಸ್ತಾರೆ ಅಂತ ನಾನು ನೋಡ್ತಾ ಇದ್ದರೆ, ಹಿಂದೆ ಇನ್ನೊಬ್ಬರು ಸೊಂಟ ಹಿಡ್ಕೊಂಡು ಸರದಿಯಲ್ಲಿ ನಿಂತಿದ್ದರು. ವಿಚಾರಿಸಿದರೆ ಆಮೇಲೆ ತಿಳೀತು. ಮಗ ಬಾರಿನಲ್ಲಿದ್ದಾನೆ ಅಂದರೆ ಅವ್ವನ ತವರಿನವರು ಏನಂದುಕೊಳ್ತಾರೋ ಅಂತ, ಅಪ್ಪ ಊರಿಗೆಲ್ಲ ನಾನು ಕೋಟೆ ಕಡೆ ಕಾಂಪೌಂಡರ್ ಅಂತ ಹೇಳಿಕೊಂಡು ಬಂದಿದ್ದ. ಸೀಸೆಯಿಂದ ಅಳತೆ ಹಾಕಿ ಕಲಸಿ ಕೊಡ್ತಾನೆ, ಕುಡಿದವರು ಎಂಥ ನೋವಿದ್ದರೂ ಮರೀತಾರೆ, ದೊಡ್ಡ ದೊಡ್ಡವರು ಕಾರಿನಲ್ಲಿ ಬಂದು ಕಾಯ್ತಾರೆ ಅಂತ.

ನಾನು ಆ ಮಾತನ್ನ ಹಿಂದೆ ಮುಂದೆ ತಿರುಗಿಸಿ ನೋಡಿದೆ. ಅದರಲ್ಲಿ ಒಂದು ಅಕ್ಷರ ಸುಳ್ಳಿರಲಿಲ್ಲ. ಇಬ್ಬರಿಗೂ ನೋವಿನ ಎಣ್ಣೆ ಹಚ್ಚಿ ಕಳಿಸಿದೆ.

ಗೊಟ್ಟದಲ್ಲಿ ಕುಡಿದ ಗಿರಾಕಿ

ನಮ್ಮ ಕಡೆ ಪಿತೃಪಕ್ಷದಲ್ಲಿ ಹಿರಿಯರ ಹಬ್ಬ ಮಾಡ್ತೀವಿ. ಸತ್ತವರಿಗೆ ಏನೇನು ಇಷ್ಟವಿತ್ತೋ ಅದನ್ನೆಲ್ಲ ಬಾಳೆ ಎಲೆಯಲ್ಲಿ ಎಡೆ ಇಟ್ಟು, ಬಾಗಿಲು ಹಾಕಿ ಎಲ್ಲರೂ ಆಚೆ ಬರೋದು. ಅವರು ಬಂದು ತಿಂದು ಹೋಗ್ತಾರೆ ಅಂತ. ಬೀಡಿ ಸೇದೋರಿಗೆ ಬೀಡಿ, ಕುಡಿಯೋರಿಗೆ ಕುಡಿಯೋದು. ಹೋದ ವರ್ಷ ಅಪ್ಪನಿಗೆ ವರ್ಷ ತುಂಬಿರಲಿಲ್ಲ, ಎಡೆ ಇಡಲಿಲ್ಲ. ಈ ವರ್ಷ ಮೊದಲನೇದು. ನಾನು ನಿಶ್ಚಯ ಮಾಡಿಬಿಟ್ಟೆ: ನಾಲ್ಕು ಪಾಲಿನ ಲೋಟ ಈ ಸಲ ಅಪ್ಪನ ಮುಂದೆ ಇಡಬೇಕು, ನನ್ನ ಕೈಯಿಂದಲೇ ಕಲಸಿ. ಬದುಕಿದ್ದಾಗ ಸಾಲು ಸಾಲು ನೆಪ ಹೇಳಿದ್ದು ಸಾಕಾಗಿತ್ತು.

ಒಂದು ವಾರ ರಜ ಹಾಕಿದೆ. ಮೈಸೂರಿಗೆ ಹೋಗಿ ಜಿನ್, ಕೆಂಪು ಸೀಸೆ, ಹಸಿರು ಸೀಸೆ ಮೂರನ್ನೂ ತಂದೆ. ಹೊರಡುವಾಗ ಚೇಟ ತನ್ನ ಅಳತೆ ಬಟ್ಟಲನ್ನ ನನ್ನ ಜೇಬಿಗೆ ಹಾಕಿದ. ಅದನ್ನ ಅವನು ಯಾರ ಕೈಗೂ ಕೊಡೋನಲ್ಲ.

ಮನೆಯೊಳಗೆ ಇಡೋ ಹಾಗಿಲ್ಲವಲ್ಲ. ಜಿನ್ನು, ಕೆಂಪು ಸೀಸೆ ಎರಡನ್ನೂ ಬ್ಯಾರನ್ನಿನಲ್ಲಿಟ್ಟೆ. ಹಸಿರು ಸೀಸೆಗೆ ಬಿಸಿ ಆಗಬಾರದು ಅಂತ ಕೊಟ್ಟಿಗೆಯ ಗೂಡಿನಲ್ಲಿಟ್ಟೆ. ಇಡೋವಾಗ ನಮ್ಮಜ್ಜಿ, ಅಂದರೆ ಅಪ್ಪನ ಅವ್ವ, ನೋಡಿಬಿಟ್ಟಳು. ಏನ್ ಮಗ ಅದು ಅಂದಳು. ನೂರಾರು ಥರ ಸೊಪ್ಪು ಬೇರು ಹಾಕಿ ಮಾಡಿದ್ದಜ್ಜಿ, ಹೊಟ್ಟೆಗೆ ಬಾಳ ಒಳ್ಳೇದು, ಇಂಥದ್ದು ಈ ತಾಲ್ಲೂಕಲ್ಲೇ ಸಿಗಲ್ಲ ಅಂತ ನಾಲ್ಕು ಮಾತು ಬಿಗಿಯಾಗಿ ಹೇಳಿದೆ. ಸುಮ್ಮನೆ ಏನೂ ಇಲ್ಲ ಅಂದಿದ್ದರೆ ಸಾಕಾಗಿತ್ತು. ಸುಮ್ಮನೆ ಅನ್ನೋದು ನನ್ನ ಬಾಯಲ್ಲಿ ಬರಲ್ಲ.

ಮಾರನೇ ದಿನ ಮಧ್ಯಾಹ್ನ ನಾನು ನಿಂಬೆಹಣ್ಣು ನೋಡಿಕೊಂಡು ಬರೋಷ್ಟರಲ್ಲಿ ಕೊಟ್ಟಿಗೆ ಮುಂದೆ ಜನ ಸೇರಿದ್ದರು. ನಮ್ಮ ಸೀಮೆಹಸು ಗೌರಿ ಹಸಿ ಜೋಳದ ಕಡ್ಡಿಗೆ ಬಾಯಿ ಹಾಕಿ ಹೊಟ್ಟೆ ಉಬ್ಬರಿಸಿಕೊಂಡು ನಿಂತಿದ್ದಳಂತೆ. ದನದ ಡಾಕ್ಟ್ರು ಬರೋದು ತಡ ಆಯ್ತು. ಅಜ್ಜಿ ಗೂಡಿಗೆ ಕೈ ಹಾಕಿದ್ದಾಳೆ. ಕಾಂಪೌಂಡರ್ ಮೊಮ್ಮಗ ತಂದಿಟ್ಟ ಹೊಟ್ಟೆ ಔಷಧಿ ಇರುವಾಗ ಇಂಗು ಓಮ ಯಾರು ಅರೀತಾರೆ? ದನಕ್ಕೆ ಔಷಧಿ ಕುಡಿಸೋ ಬಿದಿರಿನ ಗೊಟ್ಟಕ್ಕೆ ಬಗ್ಗಿಸಿ, ಗೌರಿಯ ಮೂತಿ ಎತ್ತಿ ಹಿಡಿಸಿ, ಒಂದಾದ ಮೇಲೆ ಒಂದರಂತೆ ಮೂರು ಗೊಟ್ಟ ಇಳಿಸಿದ್ದಾಳೆ.

ನಾನು ಹೋಗುವಾಗ ಹಸು ಎರಡು ಸಲ ತೇಗಿ, ಒಂದು ಸಲ ಕೊಟ್ಟಿಗೆಯೇ ಅದುರೋ ಹಾಗೆ ಇನ್ನೊಂದು ದಾರಿಯಿಂದಲೂ ಗಾಳಿ ಬಿಟ್ಟು, ಆರಾಮಾಗಿ ನಿಂತಿತ್ತು. ಡಾಕ್ಟ್ರು ಬಂದು ಹೊಟ್ಟೆ ತಟ್ಟಿ ನೋಡಿ, ಬಾಯಿ ಮೂಸಿ, ಏನ್ ಕೊಟ್ರಿ ಅಂತ ಕೇಳಿದರು. ಫ್ರಾನ್ಸ್ ದೇಶದ ಸನ್ಯಾಸಿಗಳು ಮಾಡೋದು ಅಂತ ಹೇಳೋ ಬದಲು ಸೀಸೆ ಎತ್ತಿ ಬೆಳಕಿಗೆ ಹಿಡಿದೆ. ತಳದಲ್ಲಿ ಅಳತೆ ಬಟ್ಟಲಿನ ಒಂದು ಪಾಲಿನಷ್ಟು ಉಳಿದಿತ್ತು. ಒಂದೇ ಲೋಟಕ್ಕೆ ಆಗೋಷ್ಟು.

ಆರು ವರ್ಷದಲ್ಲಿ ಆ ಮದ್ಯವನ್ನ ಎಷ್ಟೋ ಜನಕ್ಕೆ ಬಗ್ಗಿಸಿದ್ದೀನಿ. ಅದಕ್ಕೆ ಸೋಡ ಕೇಳದೆ, ಐಸು ಕೇಳದೆ, ಫೋಟೊ ತೆಗೀದೆ ಕುಡಿದು, ಕೊನೆಗೆ ಪಾತ್ರೆಯನ್ನೂ ನೆಕ್ಕಿದ ಗಿರಾಕಿ ನಮ್ಮ ಗೌರಿ ಒಬ್ಬಳೇ.

ಮೀನಿನ ಐಸು

ಇದು ಹಸುವಿನ ಪ್ರಕರಣಕ್ಕೆ ಒಂದು ದಿನ ಮೊದಲು, ನಾನು ಬಂದ ದಿನವೇ ಆಗಿದ್ದು. ಹೇಳೋದು ಹಿಂದುಮುಂದಾಯ್ತು, ಹೊಂದಿಸಿಕೊಳ್ಳಿ. ಗೂಡಿಗೆ ಸೇರೋ ಮೊದಲು ಹಸಿರು ಸೀಸೆ ಒಂದು ಸಲ ಬ್ಯಾರನ್ನಿಗೆ ಹೋಗಿ ಬಂದಿತ್ತು.

ಎಡೆಗೆ ಇಡೋ ಮೊದಲು ಒಂದು ಸಲ ಕೈ ನೋಡಿಕೊಳ್ಳಬೇಕಲ್ಲ. ನಮ್ಮೂರಲ್ಲಿ ಟ್ರ್ಯಾಕ್ಟರ್ ಇಟ್ಟುಕೊಂಡಿರೋ ಗೆಳೆಯ ಒಬ್ಬ ಇದ್ದಾನೆ, ಒಂದನೇ ಕ್ಲಾಸಿನಿಂದ ಜೊತೆಯವನು. ಅವನನ್ನ ಬ್ಯಾರನ್ನಿನ ಹಿಂದೆ ಕೂರಿಸಿದೆ. ಐಸು ಇರಲಿಲ್ಲ. ನಮ್ಮನೆ ಫ್ರಿಜ್ಜು ತಣ್ಣಗೆ ಮಾಡ್ತದೆ, ಗಡ್ಡೆ ಕಟ್ಟಿಸೋ ಶಕ್ತಿ ಅದಕ್ಕಿಲ್ಲ. ಗೆಳೆಯ ಗಾಡಿ ತಗೊಂಡು ಪಕ್ಕದ ಕೊಪ್ಪದ ಪೇಟೆಗೆ ಹೋಗಿ, ಮೀನಂಗಡಿಯವನ ಹತ್ತಿರ ಕೇಳಿ, ಒಂದು ಚೀಲ ಐಸು ಹಾಕಿಸಿಕೊಂಡು ಬಂದ. ನಾನು ಮೂರು ನೀರಿನಲ್ಲಿ ತೊಳೆದೆ. ಕುಲುಕೋಕೆ ಡೈರಿಗೆ ಹಾಲು ಹಾಕೋ ಸ್ಟೀಲ್ ಕ್ಯಾನು ತಂದೆ. ಹೆಗಲ ಮೇಲೆ ಎತ್ತಿ ನಾನು ಕುಲುಕೋ ಶೈಲಿ ನೋಡಿ ಹೊಗೆಸೊಪ್ಪು ಕಟ್ಟುತ್ತಿದ್ದ ಹೆಂಗಸರು, ಬೆಣ್ಣೆ ಬಂತೇನಪ್ಪಾ ಅಂತ ಕೇಳಿದರು.

ಗೆಳೆಯನಿಗೆ ಕೊಟ್ಟೆ. ಕೊಡೋವಾಗ ವಿವರಿಸಿದೆ, ಮೊದಲು ನಿಂಬೆ ಬರ್ತದೆ, ನಡುವೆ ಕಾಡಿನ ಸೊಪ್ಪಿನ ಘಮ ಬರ್ತದೆ, ಕೊನೆಗೆ ಕಹಿ ಬಂದು ನಿಲ್ತದೆ, ಆ ಕಹಿಗೇ ಕಾಯಬೇಕು. ಅವನು ನಾಲಿಗೆ ಚಪ್ಪರಿಸಿ, ಆಕಾಶ ನೋಡಿ, ಬಾಳ ಹೊತ್ತು ಕಾದ.

"ಎಲ್ಲಾ ಬಂತು ಕಣ್ಲಾ. ಕಡೇಗೆ ಬೂತಾಯಿ ಮೀನೂ ಬಂತಲ್ಲ, ಅದೂ ಇಟಲಿದಾ?"

ಅಂದರೂ ಬಿಡಲಿಲ್ಲ. ನಾಲ್ಕು ಲೋಟ ಮಾಡಿಸಿಕೊಂಡು ಕುಡಿದ, ಅದರ ಮೇಲೆ ಕೆಂಪನ್ನ ಬರೀದೇ ಬಗ್ಗಿಸಿಕೊಂಡು ಸೀಸೆ ಮುಕ್ಕಾಲು ಖಾಲಿ ಮಾಡಿದ. ಆಮೇಲೆ ಭಯ ಹತ್ತಿತು. ಅವನ ಹೆಂಡತಿ ಮೂಗು ಬಾಳ ಚುರುಕು. ಆದರೆ ಆಯಮ್ಮನಿಗೆ ಬಂದಿದ್ದು ಬ್ರಾಂದಿ ವಾಸನೆ ಅಲ್ಲ, ಸೊಪ್ಪಿನ ಕಹಿ ವಾಸನೆ. ಅವನು ತಡ ಮಾಡದೆ ಹೇಳಿದ್ದಾನೆ, ಕಾಂಪೌಂಡರ್ ನೆಲಬೇವಿನ ಕಷಾಯ ಕುಡಿಸಿದ, ಮುಂದೆ ಸಕ್ಕರೆ ಕಾಯಿಲೆ ಬರದೇ ಇರಲಿ ಅಂತ.

ಎರಡು ದಿನ ಬಿಟ್ಟು ಆಯಮ್ಮ ದಾರಿಯಲ್ಲಿ ಸಿಕ್ಕು ನನಗೆ ಕೈ ಮುಗಿದಳು. "ಅಣ್ಣ, ನಾನು ವರ್ಷಗಟ್ಲೆ ಬಡ್ಕಂಡ್ರೂ ಕುಡೀನಿಲ್ಲ. ನೀವ್ ಒಂದ್ ಮಾತ್ ಹೇಳಿದ್ಕೆ ಕುಡುದ್ರು. ನಾನೇ ಈಗ ದಿನಾ ಕಾಸಿ ಕೊಡ್ತಾ ಇವ್ನಿ." ಹಿಂದೆ ಟ್ರ್ಯಾಕ್ಟರಿನ ಮೇಲೆ ಕೂತಿದ್ದ ಗೆಳೆಯ ನನ್ನ ಕಡೆ ನೋಡಿದ ನೋಟವನ್ನ ಬರೆಯೋಕೆ ಅಕ್ಷರ ಇಲ್ಲ. ಬೆಳಿಗ್ಗೆ ಒಂದು ಲೋಟ, ಸಂಜೆ ಒಂದು ಲೋಟ, ಇವತ್ತಿಗೂ ನಡೀತಾ ಇದೆ. ಬೆಲ್ಲ ಕೂಡ ಕೊಡಲ್ಲವಂತೆ.

ಬಾಗಿಲು ಹಾಕಿದ ಮೇಲೆ

ಹಬ್ಬದ ದಿನ. ಚಿಕ್ಕಪ್ಪ, ಅಂದರೆ ಅಪ್ಪನ ತಮ್ಮ, ಎಡೆ ಇಡೋ ಯಜಮಾನಿಕೆ ವಹಿಸಿಕೊಂಡಿದ್ದರು. ಅಪ್ಪನ ಮಾಮೂಲಿ ಬ್ರಾಂದಿಯನ್ನ ಅವರೇ ತಂದಿದ್ದರು. ನಾನು ನನ್ನ ವಿಚಾರ ಹೇಳಿದೆ. ಅವ್ವನ ಎದುರಿಗೇ ಹೇಳಿದೆ, ಬಾರಿನ ಕೆಲಸ, ನಾಲ್ಕು ಪಾಲು, ಅಪ್ಪನಿಗೆ ಕೊಟ್ಟ ಮಾತು, ಎಲ್ಲ. ಅವ್ವ ಒಬ್ಬಳೇ ಕಜ್ಜಾಯ ತಟ್ಟುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

ಚಿಕ್ಕಪ್ಪ ಮಾತ್ರ ಒಪ್ಪಲಿಲ್ಲ. ಅವರ ತಕರಾರು ಬೇರೆ. "ಅಣ್ಣ ಜೀವಮಾನ ಪೂರ್ತಿ ಒಂದೇ ಬ್ರಾಂದಿ ಕುಡುದವ್ನೆ. ಬಂದ್ ನೋಡ್ತಾನೆ, ಏನೋ ಕೆಂಪುಗದೆ. ಇದು ನಮ್ಮನೆ ಅಲ್ಲ ಅಂತ ಪಕ್ಕದ್ ಮನೇಗ್ ಒಂಟೋದ್ರೆ ಯಾರ್ಲಾ ಒಣೆ?"

ಪಡಸಾಲೆಯಲ್ಲಿದ್ದ ಅಷ್ಟೂ ಜನ ಗಂಭೀರವಾಗಿ ಯೋಚನೆ ಮಾಡಿದರು. ಕೊನೆಗೆ ಮಾತಾಡಿದ್ದು ಅವ್ವ, ಬಾಣಲೆಯಿಂದ ಕಣ್ಣೆತ್ತದೆ. "ಅದೂ ಇಡಿ, ಇದೂ ಇಡಿ. ಯಾವ್ದು ಬೇಕೋ ಅದ್ನ ಕುಡೀಲಿ."

ಅಷ್ಟೇ ಅಲ್ಲ, ಎದ್ದು ಹೋಗಿ ಅಟ್ಟದಿಂದ ಅಂಚು ನೆಗ್ಗಿದ ಲೋಟ ತಂದು ನನ್ನ ಪಕ್ಕದಲ್ಲಿಟ್ಟು ಮತ್ತೆ ಬಾಣಲೆ ಮುಂದೆ ಕೂತಳು. ಅಪ್ಪ ಹೋದ ಮೇಲೆ ಆ ಲೋಟ ನಾನು ನೋಡಿದ್ದು ಅವತ್ತೇ.

ಚಿಕ್ಕಪ್ಪ ಒಂದು ಷರತ್ತು ಹಾಕಿದರು. ಎಡೆಗೆ ಇಡೋದನ್ನ ಯಾರೂ ಎಂಜಲು ಮಾಡೋ ಹಾಗಿಲ್ಲ, ಉಪ್ಪು ಹುಳಿ ನೋಡೋ ಹಾಗಿಲ್ಲ. ಅಡಿಗೆಗೂ ಅದೇ ಕಟ್ಟು, ನಿನಗೂ ಅದೇ. ಇದು ನನ್ನಂಥವನಿಗೆ ಕಣ್ಣು ಕಟ್ಟಿ ಬಸ್ಸು ಓಡಿಸು ಅಂದ ಹಾಗೆ. ಕೌಂಟರಿನಲ್ಲಿ ಸ್ಟ್ರಾದ ತುದಿಯಲ್ಲಿ ಒಂದು ಹನಿ ನೋಡದೆ ನಾನು ಒಂದು ಲೋಟವನ್ನೂ ಆಚೆ ಬಿಟ್ಟವನಲ್ಲ. ಅದರಲ್ಲೂ ನಿಂಬೆ ನಮ್ಮ ಬೇಲಿಯದು, ಅಂಗಡಿಯದಲ್ಲ. ಅದರ ಹುಳಿ ಎಷ್ಟು ಅಂತ ಯಾರಿಗೆ ಗೊತ್ತು? ಇರೋದು ಒಂದೇ ಲೋಟಕ್ಕೆ ಆಗೋಷ್ಟು. ತಪ್ಪಿದರೆ ಇನ್ನೊಂದು ಮಾಡೋಕೆ ಹಸಿರು ಹನಿ ಇಲ್ಲ, ಅದು ಗೌರಿಯ ಹೊಟ್ಟೆಯಲ್ಲಿದೆ.

ಗೆಳೆಯನ ಹೆಂಡತಿ ತನ್ನ ಮನೆಯ ಫ್ರಿಜ್ಜಿನಿಂದ ಚಪಾತಿ ಡಬ್ಬಿಯಲ್ಲಿ ಐಸು ಕಳಿಸಿದ್ದಳು. ಚೇಟನ ಬಟ್ಟಲು ತೆಗೆದೆ. ಜಿನ್ ಒಂದು. ಕೆಂಪು ಒಂದು. ಹಸಿರು, ಸೀಸೆಯನ್ನ ಬೋರಲು ಹಾಕಿ ತಟ್ಟಿ ತಟ್ಟಿ, ಒಂದು. ನಿಂಬೆ ಒಂದು. ಎಷ್ಟೋ ಸಾವಿರ ಸಲ ಮಾಡಿದ ಕೆಲಸ, ಅವತ್ತು ಪ್ರತಿ ಪಾಲನ್ನೂ ಎರಡೆರಡು ಸಲ ಬೆಳಕಿಗೆ ಹಿಡಿದು ನೋಡಿ ಹಾಕಿದೆ. ಹೇಳ್ಕೊಳ್ಳೋ ವಿಷಯ ಅಲ್ಲ, ಆದರೂ ಹೇಳಿದ್ದೀನಿ. ಕುಲುಕಿ, ಸೋಸಿ, ಅಪ್ಪನ ಲೋಟಕ್ಕೆ ನೆಗ್ಗಿದ ಅಂಚಿನ ತನಕ ಬಗ್ಗಿಸಿದೆ.

ಎಡೆ ಸಜ್ಜಾಯ್ತು. ಮುದ್ದೆ, ಮರಿ ಮಾಂಸದ ಸಾರು, ಕಜ್ಜಾಯ, ಹೊಸ ಪಂಚೆ, ಎಲೆ ಅಡಿಕೆ. ಫೋಟೊದ ಬಲಕ್ಕೆ ಗಾಜಿನ ಲೋಟದಲ್ಲಿ ಚಿಕ್ಕಪ್ಪನ ಬ್ರಾಂದಿ, ಎಡಕ್ಕೆ ನನ್ನದು. ಧೂಪ ಹಾಕಿ, ಅಡ್ಡಬಿದ್ದು, ಎಲ್ಲರೂ ಆಚೆ ಬಂದೆವು. ದೀಪದ ಬತ್ತಿ ಸರಿ ಮಾಡಿ ಬತ್ತೀನಿ ಅಂತ ಅವ್ವ ಕೊನೆಗೆ ಉಳಿದು, ಬಾಗಿಲು ಎಳೆದುಕೊಂಡು ಬಂದಳು. ಜಗಲಿ ಮೇಲೆ ಕೂತೆವು. ನಾನು ಬಾಗಿಲನ್ನೇ ನೋಡ್ತಾ ಇದ್ದೆ. ಬಾರಿನಲ್ಲಿ ಲೋಟ ಮುಂದಿಟ್ಟು ಗಿರಾಕಿಯ ಮುಖ ನೋಡ್ತೀನಿ, ಅದೇ ನನ್ನ ಚಟ. ಇಲ್ಲಿ ಮುಖ ನೋಡೋ ಹಾಗಿಲ್ಲ. ಆ ಮುಖ ಕಿವುಚಿಕೊಳ್ಳೋದನ್ನ ಒಂದೇ ಒಂದು ಸಲ ನೋಡೋಕೆ ಸಿಕ್ಕಿದ್ದರೆ ಆರು ವರ್ಷದ ಕೆಲಸವನ್ನ ಅಲ್ಲೇ ಬಿಟ್ಟು ಎದ್ದು ಬರ್ತಿದ್ದೆ.

ಹೊತ್ತು ನೋಡಿ ಚಿಕ್ಕಪ್ಪ ಬಾಗಿಲು ಮೂರು ಸಲ ತಟ್ಟಿ ತೆಗೆದರು. ಮೊದಲು ಒಳಗೆ ಹೋದ ಅಜ್ಜಿ ಎಡೆ ಮುಂದೆ ಬಗ್ಗಿ ನೋಡಿ, ಅಲ್ಲೇ ಕೂತುಬಿಟ್ಟಳು. ತಣ್ಣಗಿದ್ದ ಸ್ಟೀಲ್ ಲೋಟದ ಮೈ ತುಂಬ ನೀರಿನ ಹನಿ.

"ನನ್ ಮಗ ನಡ್ಕೊಂಡ್ ಬಂದವ್ನೆ. ನೋಡ್ರವ್ವ, ಲ್ವಾಟಕ್ಕೆಲ್ಲ ಬೆವರು ಅತ್ತದೆ."

ಚಿಕ್ಕಪ್ಪ ಬಗ್ಗಿ ಲೋಟದೊಳಗೆ ನೋಡಿದರು. ನಾನೂ ನೋಡಿದೆ. ಅಂಚಿನ ತನಕ ತುಂಬಿದ್ದು ಅರ್ಧಕ್ಕೆ ಇಳಿದಿತ್ತು. ಪಕ್ಕದ ಬ್ರಾಂದಿ ಹಾಕಿದ್ದು ಹಾಕಿದ ಹಾಗೇ ಇತ್ತು.

ಚಿಕ್ಕಪ್ಪನ ಮುಖ ನೋಡಬೇಕಿತ್ತು ನೀವು. ಅಣ್ಣ ಇವತ್ತಿನ ತನಕ ನನ್ನ ಬ್ರಾಂದಿ ಬೇಡ ಅಂದಿದ್ದಿಲ್ಲ ಅಂತ ಗೊಣಗಿಕೊಂಡು, ಅಂಗಡಿಯವನು ಡೂಪ್ಲಿಕೇಟ್ ಕೊಟ್ಟಿದ್ದಾನೇನೋ ಅಂತ ಆ ಲೋಟ ಎತ್ತಿ ಪರೀಕ್ಷೆ ಮಾಡಿದರು. ಒಂದು ಗುಟುಕಿನಲ್ಲಿ ತೀರ್ಮಾನಕ್ಕೆ ಬರೋಕೆ ಆಗಲಿಲ್ಲ. ಪೂರ್ತಿ ಪರೀಕ್ಷೆ ಮಾಡಿದರು. ಸಾಚಾ ಮಾಲೇ ಆಗಿತ್ತು, ಅದಕ್ಕೇ ಇನ್ನೂ ಬೇಜಾರಾಯ್ತು. ಅಷ್ಟು ಹೊತ್ತಿಗೆ ಅಜ್ಜಿ ಬೀದಿಗೆಲ್ಲ ಸುದ್ದಿ ಮುಟ್ಟಿಸಿದ್ದಳು. ಜನ ಬಂದು ಇಣುಕಿ ನೋಡಿ ಹೋದರು. ಮೊಣಕಾಲಿನ ಹಿರಿಯರೂ ಬಂದರು, ನೋಡಿ, ಸತ್ತವರಿಗೇ ಹಿಡಿಸಿದ ಮೇಲೆ ನನಗೂ ಒಂದು ಅಳತೆ ಕೊಡಪ್ಪಾ ಅಂದರು. ನಾನು ಪಡಸಾಲೆ ಮಧ್ಯೆ ಎದೆ ಉಬ್ಬಿಸಿಕೊಂಡು ನಿಂತಿದ್ದೆ. ಹುಲಿ ಕಾಣದವರ ಮುಖ ಎತ್ತಿದವನು ನಾನು, ಈಗ ಆಚೆ ಲೋಕದಿಂದ ಗಿರಾಕಿ ಕರೆಸಿದ್ದೆ.

ಜನ ಕರಗಿದ ಮೇಲೆ ಅಡಿಗೆಮನೆಗೆ ಹೋದೆ. ಅವ್ವ ಒಬ್ಬಳೇ ಪಾತ್ರೆ ಜೋಡಿಸ್ತಾ ಇದ್ದಳು. ಅಪ್ಪನ ಲೋಟ ಅವಳ ಮಡಿಲ ಹತ್ತಿರ ಇತ್ತು. ನನ್ನ ಮುಖ ನೋಡದೆ ಹೇಳಿದಳು.

"ನಿಂಬೆ ಒಂಚೂರು ಜಾಸ್ತಿ ಆಗಿತ್ತು ಕಣ್ ಮಗ."

ನಾನು ಕಂಬ ಹಿಡ್ಕೊಂಡು ನಿಂತೆ. ಹೊಸಿಲೊಳಗೆ ಸೀಸೆ ಬಿಡದವಳು. ಎಡೆಗೆ ಇಟ್ಟಿದ್ದನ್ನ. ಚಿಕ್ಕಪ್ಪನ ಕಟ್ಟು ಮುರಿದು. ಏನವ್ವ ಇದು ಅಂದೆ.

"ಇನ್ನೇನ್ ಮಾಡ್ಲಿ. ಮೊದ್ಲು ನಾನ್ ಕುಡೀದೆ ಆಯಪ್ಪ ಯಾವತ್ ಕಹಿ ಮುಟ್ಟವ್ನೆ?"

ಆಮೇಲೆ ಅವಳೇ ಮೆಲ್ಲಗೆ ಅಂದಳು, "ನಾನ್ ಕುಡುದಿದ್ದು ಒಂದೇ ಗುಟುಕು."

ಒಂದು ಗುಟುಕಿಗೆ ಅರ್ಧ ಲೋಟ ಇಳೀತದಾ ಅಂತ ನಾನು ಕೇಳಲಿಲ್ಲ. ಅಳತೆ ಹಿಡಿಯೋದು ನನ್ನ ಕಸುಬು, ಅವತ್ತು ಮಾತ್ರ ಹಿಡಿಯಲಿಲ್ಲ.

ಅವ್ವ ಸೆರಗಿನಿಂದ ಲೋಟದ ಹೊರಮೈ ಒರೆಸಿದಳು. ಒರೆಸಿ ನನ್ನ ಕೈಗೆ ಕೊಟ್ಟಳು. ಅಪ್ಪನ ಲೋಟ. ಅದರಲ್ಲಿ ಅರ್ಧ ಇತ್ತು.